ಹಳೇ ಪಿಎಲ್‌ಸಿಗೆ ಹೊಸ ವಿಂಡೋಸ್: ನಾಲ್ಕು ದಾರಿ ಹಿಡಿದು ನೋಡಿದೆ

ಹರಿಹರ ರಸ್ತೆಯ ರೈಸ್ ಮಿಲ್ಲಿಂದ ಫೋನ್ ಬಂದಾಗ ಇನ್ನೂ ಆರು ಗಂಟೆ ಆಗಿರಲಿಲ್ಲ. ಡ್ರೈಯರ್ ನಿಂತಿದೆ, ಒಳಗೆ ಕುದಿಸಿದ ಭತ್ತ ಹಸಿಯಾಗಿಯೇ ಇದೆ. ಅದನ್ನು ಹಾಗೇ ಬಿಟ್ಟರೆ ವಾಸನೆ ಹಿಡಿಯುತ್ತದೆ, ಅಕ್ಕಿಯ ಬಣ್ಣ ಕೆಡುತ್ತದೆ. ಹೋಗಿ ಪ್ಯಾನೆಲ್ ಬಾಗಿಲು ತೆಗೆದರೆ ಎದುರಿಗೆ ಸೀಮೆನ್ಸ್ ಎಸ್7-200, ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್, ಅಂದರೆ ಪಿಎಲ್‌ಸಿ. ಯಾವ ಸೆನ್ಸರ್ ಕೈಕೊಟ್ಟಿದೆ ಅಂತ ತಿಳಿಯಲು ಪ್ರೋಗ್ರಾಂ ಆನ್‌ಲೈನ್ ನೋಡಬೇಕು. ನನ್ನ ಹೊಸ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಅದರ ಸಾಫ್ಟ್‌ವೇರ್ ಮೈಕ್ರೋ/ವಿನ್ ತೆರೆಯಿತು, ಪ್ರೋಗ್ರಾಂ ಬರೆಯುವ ಲ್ಯಾಡರ್ ಚಿತ್ರ ಕಂಡಿತು. ಆದರೆ ಇಂಟರ್‌ಫೇಸ್ ಪಟ್ಟಿಯಲ್ಲಿ ಲ್ಯಾಪ್‌ಟಾಪನ್ನು ಪಿಎಲ್‌ಸಿಗೆ ಜೋಡಿಸುವ ಪಿಸಿ/ಪಿಪಿಐ ಕೇಬಲ್ಲಿನ ಹೆಸರೇ ಇಲ್ಲ.

ಸಾಹುಕಾರ್ರು ಪಕ್ಕದಲ್ಲೇ ನಿಂತಿದ್ದರು. "ಹೊಸಾದು ತಗಂಡೀನಿ, ಇನ್ನ ಚಿಂತಿ ಇಲ್ಲ ಅಂದಿದ್ಯಲ್ಲೋ ತಮ್ಮಾ?"

ವಿದ್ಯಾನಗರದ ಮನೆಯಿಂದ ನನ್ನ ತಮ್ಮ ಬೈಕಿನಲ್ಲಿ ಹಳೇ ವಿಂಡೋಸ್ ಎಕ್ಸ್‌ಪಿ ಲ್ಯಾಪ್‌ಟಾಪ್ ತಂದ ಮೇಲೆ ಹತ್ತು ನಿಮಿಷದ ಕೆಲಸ. ಕಾಯ್ದದ್ದು ಮುಕ್ಕಾಲು ಗಂಟೆ. ಅವತ್ತಿನಿಂದ ಒಂದು ವರ್ಷ ಇದೇ ತಲೆಬೇನೆ ಹಚ್ಚಿಕೊಂಡು ನಾಲ್ಕು ಥರ ಮಾಡಿ ನೋಡಿದ್ದೇನೆ.

ಹಳೇ ಲ್ಯಾಪ್‌ಟಾಪನ್ನೇ ಕಾಪಾಡಿಕೊಳ್ಳುವುದು ಮೊದಲನೆಯದು. ಅದರ ದೊಡ್ಡ ಗುಣವೆಂದರೆ ಹಿಂದುಗಡೆ ಇರುವ ಒಂಬತ್ತು ಪಿನ್ನಿನ ಅಸಲಿ ಕಾಮ್ ಪೋರ್ಟ್. ಡೆಲ್ಟಾ ಪಿಎಲ್‌ಸಿಗೆ ಕೇಬಲ್ ಚುಚ್ಚಿ 9600, 7 ಬಿಟ್, ಈವನ್, 1 ಸ್ಟಾಪ್ ಅಂತ ಸಂಪರ್ಕದ ಸೆಟ್ಟಿಂಗ್ ಕೊಟ್ಟರೆ ಮರುಮಾತಿಲ್ಲದೆ ಮಾತಾಡುತ್ತದೆ. ಆದರೆ ಬ್ಯಾಟರಿ ಸತ್ತಿದೆ, ಫ್ಯಾನಿನೊಳಗೆ ಹತ್ತು ಮಿಲ್ಲುಗಳ ತೌಡು ಕೂತಿದೆ. ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಇಂಟರ್ನೆಟ್ಟಿಗೆ ಹಾಕದಿದ್ದರೆ ಸಾಕು ಅಂದುಕೊಂಡಿದ್ದೆ. ಒಂದು ಆಫೀಸಿನ ಪೆನ್‌ಡ್ರೈವ್ ಚುಚ್ಚಿದ್ದೇ ತಡ, ವೈರಸ್ ಹತ್ತಿತು. ಹಾರ್ಡ್‌ಡಿಸ್ಕ್ ಯಾವತ್ತು ಕಟಕಟ ಅನ್ನುತ್ತದೋ ಅನ್ನುವ ಹೆದರಿಕೆ ಬೇರೆ.

ಎರಡನೆಯದು, ಎಲ್ಲವನ್ನೂ ವಿಂಡೋಸ್ 11ಕ್ಕೇ ಏರಿಸುವುದು. ಇಲ್ಲಿ ಪಾಸು-ಫೇಲು ಎರಡೂ ಸಿಕ್ಕಿತು. ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಡೆಲ್ಟಾದ ಡಬ್ಲ್ಯುಪಿಎಲ್‌ಸಾಫ್ಟ್, ಮಿತ್ಸುಬಿಷಿಯ ಜಿಎಕ್ಸ್ ವರ್ಕ್ಸ್2 ನನಗೆ ತೊಂದರೆ ಕೊಡಲಿಲ್ಲ. ಸೀಮೆನ್ಸಿನ ಹೊಸ ಪಿಎಲ್‌ಸಿಗಳ ಸಾಫ್ಟ್‌ವೇರ್ ಟಿಐಎ ಪೋರ್ಟಲ್ ವಿ18 ಹೇಗೂ ವಿಂಡೋಸ್ 11ಕ್ಕೂ ಬೆಂಬಲ ಇರುವ ಆವೃತ್ತಿ. ಅಲ್ಲೊಂದು ಎಚ್ಚರಿಕೆ ಬೇಕು: ಹಳೇ ಪ್ರಾಜೆಕ್ಟನ್ನು ಹೊಸ ಟಿಐಎಗೆ ಏರಿಸಿ ಸೇವ್ ಮಾಡಿದರೆ ಅದು ಮತ್ತೆ ಹಳೇ ಟಿಐಎದಲ್ಲಿ ತೆರೆಯುವುದಿಲ್ಲ. ಮಿಲ್ಲಿನವರ ಬಳಿ ಹಳೇ ಆವೃತ್ತಿ ಇದ್ದು ನೀವು ಹೊಸದರಲ್ಲಿ ಮಾಡಿಕೊಟ್ಟರೆ ಜಗಳವೇ.

ಸಿಕ್ಕಿಬಿದ್ದದ್ದು ಹಳೇ ಸಾಫ್ಟ್‌ವೇರುಗಳ ಹತ್ತಿರ. ಮೈಕ್ರೋ/ವಿನ್ ಬಗ್ಗೆ ನನಗೆ ದೂರಿಲ್ಲ, ಅದು ಎಕ್ಸ್‌ಪಿ, ವಿಂಡೋಸ್ 7ರ ಕಾಲಕ್ಕೆ ಹೊಲಿದ ಅಂಗಿ. ಅರ್ಥ ಮಾಡಿಕೊಳ್ಳಬೇಕಾದ್ದು ಏನೆಂದರೆ, 32 ಬಿಟ್ ಸಾಫ್ಟ್‌ವೇರ್ 64 ಬಿಟ್ ವಿಂಡೋಸಿನಲ್ಲಿ ಓಡುತ್ತದೆ, ಆದರೆ 32 ಬಿಟ್ ಡ್ರೈವರ್ (ಕೇಬಲ್ಲಿನಂಥ ಸಾಧನದ ಜೊತೆ ವಿಂಡೋಸನ್ನು ಮಾತಾಡಿಸುವ ತುಣುಕು) ಓಡುವುದಿಲ್ಲ. ಅದಕ್ಕೇ ಪರದೆ ಮೇಲೆ ಎಲ್ಲ ಸರಿ ಇದ್ದಂತೆ ಕಂಡು, ಕೇಬಲ್ ಹತ್ತಿರ ಬಂದಾಗ ಬಾಯಿ ಕಟ್ಟುತ್ತದೆ. ಇನ್ನು ಕೆಲವು ಸಿಡಿಗಳಲ್ಲಿ ಸಾಫ್ಟ್‌ವೇರ್ 32 ಬಿಟ್ಟಿನದೇ ಇದ್ದರೂ ಇನ್‌ಸ್ಟಾಲರ್ 16 ಬಿಟ್ಟಿನದು. ಅದು 64 ಬಿಟ್ಟಿನಲ್ಲಿ ಹೊಸ್ತಿಲೇ ದಾಟುವುದಿಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಪಿ.ಬಿ. ರಸ್ತೆಯಲ್ಲಿ ಕೊಂಡ ಅಗ್ಗದ, ಯುಎಸ್‌ಬಿಯನ್ನು ಕಾಮ್ ಪೋರ್ಟ್ ಆಗಿಸುವ ಕನ್ವರ್ಟರ್ ಕೂಡ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ತೋರಿಸಿ ಕೂತಿತು. ಒಳಗಿನ ಹಳೇ ಚಿಪ್ಪನ್ನು ಹೊಸ ಡ್ರೈವರ್ ಒಪ್ಪುತ್ತಿರಲಿಲ್ಲ. ಈ ಒಂದು ವರ್ಷದಲ್ಲಿ ನಾನು ವಿಂಡೋಸಿಗೆ ಸೋತದ್ದಕ್ಕಿಂತ ಕೇಬಲ್ಲಿಗೆ ಸೋತದ್ದೇ ಹೆಚ್ಚು.

ಮೂರನೆಯದು ವರ್ಚುವಲ್ ಮಷೀನ್ (ವಿಎಂ): ವಿಂಡೋಸ್ 11ರ ಹೊಟ್ಟೆಯೊಳಗೆ ಎಕ್ಸ್‌ಪಿ ಓಡಿಸುವುದು. ಮೊದಲು ವಿಂಡೋಸ್ 11 ಪ್ರೊ ಜೊತೆಗೇ ಬರುವ ಹೈಪರ್-ವಿ ನೋಡಿದೆ. ಯುಎಸ್‌ಬಿಗೆ ಚುಚ್ಚಿದ ಕೇಬಲ್ಲನ್ನು ನೇರವಾಗಿ ಒಳಗಿನ ವಿಂಡೋಸಿಗೆ ದಾಟಿಸುವ ಅನುಕೂಲ ಅದರಲ್ಲಿಲ್ಲ, ಹಾಗಾಗಿ ನಮ್ಮ ಕಸುಬಿಗೆ ಅದು ಒದಗದು. ವರ್ಚುವಲ್‌ಬಾಕ್ಸಿನಲ್ಲಿ ದಾಟಿಸಬಹುದು. ಕೊನೆಗೆ ನಾನು ನೆಲೆ ನಿಂತದ್ದು ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊನಲ್ಲಿ. 2024ರ ನವೆಂಬರಿನಿಂದ ಅದು ವ್ಯವಹಾರದ ಬಳಕೆಗೂ ಉಚಿತ.

ಕೇಬಲ್ಲನ್ನು ಒಳಗೆ ದಾಟಿಸಿದರೆ ಅದರ ಡ್ರೈವರ್ ಹುಡುಕುವ ಕೆಲಸ ಎಕ್ಸ್‌ಪಿಯದು, ವಿಂಡೋಸ್ 11ರದ್ದಲ್ಲ. ಹಳದಿ ಗುರುತಿನ ಆ ಕನ್ವರ್ಟರೂ ಒಳಗೆ ಹೋದೊಡನೆ ಹಳೇ ಡ್ರೈವರ್ ಹಿಡಿದು ಕಾಮ್ 3 ಅಂತ ಎದ್ದು ನಿಂತಿತು. ಪಿಪಿಐ ಕೇಬಲ್ಲೂ ಹಾಗೆಯೇ. ಎಕ್ಸ್‌ಪಿಗೆ 2 ಜಿಬಿ ರ‍್ಯಾಮ್ ಕೊಟ್ಟರೆ ಧಾರಾಳವಾಯಿತು. ಟಿಐಎಗೆ ಬೇರೆ ವಿಎಂ ಮಾಡಿದ್ದೇನೆ, ಅದಕ್ಕೆ ಮಾತ್ರ 8 ಜಿಬಿಗಿಂತ ಕಡಿಮೆ ಕೊಟ್ಟರೆ ಎಸ್‌ಎಸ್‌ಡಿ ಇದ್ದರೂ ಚಹಾ ಕುಡಿದು ಬರಬಹುದು. ಏನಾದರೂ ಹಾಳುಮಾಡಿಕೊಂಡರೆ ಸ್ನ್ಯಾಪ್‌ಶಾಟಿಗೆ, ಅಂದರೆ ಮೊದಲೇ ಉಳಿಸಿಟ್ಟ ಸ್ಥಿತಿಗೆ ವಾಪಸ್ ಹೋದರಾಯಿತು. ಇದೇ ಸ್ನ್ಯಾಪ್‌ಶಾಟ್ ಲೈಸೆನ್ಸಿಗೆ ಶತ್ರು: ಲೈಸೆನ್ಸ್ ಕೀ ಒಳಗಿದ್ದಾಗ ಹಿಂದಕ್ಕೆ ಹೋದರೆ ಅದು ಕೆಡುವ ಭಯವಿದೆ. ನಾನು ಕೀಯನ್ನು ಮೊದಲು ಪೆನ್‌ಡ್ರೈವಿಗೆ ಸರಿಸಿಕೊಂಡು ಆಮೇಲೆ ಕೈ ಹಾಕುತ್ತೇನೆ.

ಇದೆಲ್ಲ ನನ್ನ ಬ್ಯಾಗಿನ ಮಾತು. ಮಿಲ್ಲಿನಲ್ಲಿ ಹಗಲೂ ರಾತ್ರಿ ಓಡುತ್ತ ಯಂತ್ರಗಳ ಸ್ಥಿತಿ ಪರದೆ ಮೇಲೆ ತೋರಿಸುವ ಸ್ಕಾಡಾ ಪಿಸಿಯ ಕಥೆ ಬೇರೆ, ಅಲ್ಲಿ ವಿಎಂ ಹಾಕಿ ಆಪರೇಟರನ್ನು ಗೊಂದಲಕ್ಕೆ ಕೆಡವಬಾರದು. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಮಾಮೂಲಿ ವಿಂಡೋಸ್ 10 ಹಾಕಿಕೊಟ್ಟಿದ್ದೆ. ಅಪ್‌ಡೇಟ್ ತಡೆಯುವುದನ್ನು ಮರೆತದ್ದು ನಾನೇ. ರಾತ್ರಿ ಪಾಳಿಯಲ್ಲಿ ರೀಸ್ಟಾರ್ಟ್ ಆಗಿ ಬಾಯ್ಲರ್ ಟ್ರೆಂಡ್ ಪರದೆ ಕಪ್ಪಾಯಿತು. ಅಲ್ಲಿಗೆ ನಾಲ್ಕನೇ ದಾರಿ ಹಿಡಿದೆ: ವಿಂಡೋಸ್ 10 ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021, ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ. ಭದ್ರತಾ ಅಪ್‌ಡೇಟ್ ಬಿಟ್ಟರೆ ಹೊಸ ಸೊಗಸು ಯಾವುದೂ ಬರುವುದಿಲ್ಲ, ಬೆಂಬಲ 2032ರ ಜನವರಿ 13ರವರೆಗೆ. ಮಾಮೂಲಿ ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಕೊಳ್ಳುವಾಗ ಹೆಸರಿನಲ್ಲಿ 'ಐಒಟಿ' ಇದೆಯಾ ನೋಡಿಕೊಳ್ಳಿ. ಅದಿಲ್ಲದ ಎಲ್‌ಟಿಎಸ್‌ಸಿ 2021ಕ್ಕೆ 2027ರ ಜನವರಿ 12 ಕೊನೆ.

ಹಾಗಂತ ಎಲ್‌ಟಿಎಸ್‌ಸಿ ಎಲ್ಲದಕ್ಕೂ ಮದ್ದಲ್ಲ. ಅದೇ ಮಿಲ್ಲಿನಲ್ಲಿ ಒಂದು ಪಿಸಿಯಲ್ಲಿ ಪಿಎಲ್‌ಸಿಯ ಮಾಹಿತಿಯನ್ನು ಸ್ಕಾಡಾಗೆ ದಾಟಿಸುವ ಒಪಿಸಿ ಸರ್ವರ್, ಇನ್ನೊಂದರಲ್ಲಿ ಸ್ಕಾಡಾ ಇತ್ತು. ಹಳೇ ಒಪಿಸಿ ಡಿಎ ಎರಡು ಪಿಸಿಗಳ ನಡುವೆ ಡಿಕಾಮ್ ಅನ್ನುವ ವಿಂಡೋಸಿನ ಹಳೇ ಸಂಪರ್ಕ ವ್ಯವಸ್ಥೆಯ ಮೇಲೆ ನಡೆಯುತ್ತದೆ. ಡಿಕಾಮ್ ಭದ್ರತೆ ಬಿಗಿ ಮಾಡಿದ ಬದಲಾವಣೆಯನ್ನು ಮೈಕ್ರೋಸಾಫ್ಟ್ 2023ರ ಮಾರ್ಚ್ 14ರಿಂದ ಕಾಯಂ ಮಾಡಿತು, ಎಲ್‌ಟಿಎಸ್‌ಸಿಗೂ ಅದು ಬಿಟ್ಟಿಲ್ಲ. ಎಲ್ಲ ಟ್ಯಾಗುಗಳೂ (ಸ್ಕಾಡಾ ಓದುವ ಮೌಲ್ಯಗಳು) ಬ್ಯಾಡ್ ಅಂತ ತೋರಿಸಿದಾಗ ನೆಟ್‌ವರ್ಕ್ ಕೇಬಲ್ ಎರಡು ಸಲ ಬದಲಿಸಿದೆ. ಸರ್ವರ್ ಪಿಸಿಯ ಈವೆಂಟ್ ವ್ಯೂವರಿನಲ್ಲಿ ಡಿಕಾಮ್ ತಡೆಯನ್ನು ಹೇಳುವ 10036 ಸಂಖ್ಯೆ ಕಂಡಮೇಲಷ್ಟೇ ಬುದ್ಧಿ ಬಂತು. ಎರಡನ್ನೂ ಒಂದೇ ಪಿಸಿಗೆ ತಂದು ಮುಗಿಸಿದೆ. ಹೊಸದಾಗಿ ಮಾಡುವವರು ಒಪಿಸಿ ಯುಎ ಹಾಕಿಕೊಳ್ಳಿ, ಅದಕ್ಕೆ ಡಿಕಾಮಿನ ಗೊಡವೆ ಇಲ್ಲ.

ಸರ್ವೀಸಿಗೆ ಓಡಾಡುವವರಿಗೆ ವಿಎಂ, ಮಿಲ್ಲಿನಲ್ಲಿ ಕೂರುವ ಪಿಸಿಗೆ ಐಒಟಿ ಎಲ್‌ಟಿಎಸ್‌ಸಿ ಅನ್ನುವುದು ಸದ್ಯ ನನ್ನ ಲೆಕ್ಕ. ಹಳೇ ಲ್ಯಾಪ್‌ಟಾಪ್ ಅಟ್ಟದ ಮೇಲಿದೆ, ಮಾರಿಲ್ಲ.

ಬೇಸಿಗೆ ಭತ್ತ ಬರುವ ಮೊದಲು ಹರಿಹರ ರಸ್ತೆಯ ಮಿಲ್ಲಿಗೆ ಹೋಗಿ, ವಿಎಂನಿಂದಲೇ ಎಸ್7-200ರ ಪ್ರೋಗ್ರಾಂ ಅಪ್‌ಲೋಡ್ ಮಾಡಿ, ಅಂದರೆ ಪಿಎಲ್‌ಸಿಯಿಂದ ಲ್ಯಾಪ್‌ಟಾಪಿಗೆ ತೆಗೆದು ಇಟ್ಟುಕೊಂಡೆ. ಸಾಹುಕಾರ್ರು ಬಗ್ಗಿ ಪರದೆ ಮೇಲಿನ ಎಕ್ಸ್‌ಪಿ ವಾಲ್‌ಪೇಪರ್ ನೋಡಿದರು.

"ಇದು ಆವತ್ತಿಂದೇ ಅಲ್ಲೇನೋ ತಮ್ಮಾ, ಹಸಿರು ಗುಡ್ಡದ್ದು?"

ಹೌದ್ರಿ ಅಂದೆ.