ಅಡಿಕೆ ಆ್ಯಪ್ ಕಟ್ಟುವ ವಿದ್ಯಾರ್ಥಿ ತಂಡಕ್ಕೆ ಫೈರ್‌ಬೇಸ್: ಪುಕ್ಕಟೆ ಎಲ್ಲಿಯವರೆಗೆ?

ಮಲೆನಾಡಿನ ಕಾಲೇಜುಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಆ್ಯಪ್ ಅಂದರೆ ಎಲ್ಲೋ ಒಂದು ಕಡೆ ಅಡಿಕೆ ಬಂದೇ ಬರುತ್ತದೆ. ಮಂಡಿ ದರ, ಕೊನೆ (ಗೊನೆ) ಕೊಯ್ಲಿನ ಲೆಕ್ಕ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ದಿನದ ನೆನಪು, ಈ ಮೂರನ್ನೂ ಒಂದೇ ಆ್ಯಪ್‌ನಲ್ಲಿ ತರಲು ಹೊರಟ ನಾಲ್ವರ ತಂಡ ಫ್ಲಟರ್ (ಆ್ಯಪ್ ಬರೆಯುವ ಸಾಧನ) ಜೊತೆಗೆ ಗೂಗಲ್‌ನ ಸಿದ್ಧ ಸರ್ವರ್ ಸೇವೆಯಾದ ಫೈರ್‌ಬೇಸ್ ಹಿಡಿಯಬೇಕೋ, ಸ್ವಂತ ಸರ್ವರ್ ಬರೆಯಬೇಕೋ? ಫೈರ್‌ಬೇಸೇ ಸರಿ. ಆದರೆ ಕಾರ್ಡ್ ಕೊಡದೆ ಸ್ಪಾರ್ಕ್ ಎಂಬ ಉಚಿತ ಯೋಜನೆಯಲ್ಲೇ ಉಳಿಯಬೇಕೆಂದಿದ್ದರೆ ಡೇಟಾ ಹೇಗೆ ಜೋಡಿಸಬೇಕೆಂಬುದನ್ನು ಮೊದಲ ವಾರವೇ ತೀರ್ಮಾನಿಸಬೇಕು. ಸ್ಕ್ರೀನ್‌ನ ಬಣ್ಣ ಆಮೇಲೆ ನೋಡಿಕೊಂಡರಾಯಿತು.

ಇದನ್ನು ಆರಿಸಲು ಮುಖ್ಯ ಕಾರಣ ನೆಟ್ ಇಲ್ಲದಾಗಲೂ ಕೆಲಸ ಮಾಡುವ ಗುಣ. ಆಂಡ್ರಾಯ್ಡ್‌ನಲ್ಲಿ ಫೈರ್‌ಬೇಸ್‌ನ ಡೇಟಾಬೇಸ್ ಆದ ಫೈರ್‌ಸ್ಟೋರ್ ತಾನಾಗಿಯೇ ಫೋನಿನೊಳಗೆ ಒಂದು ಪ್ರತಿ ಇಟ್ಟುಕೊಳ್ಳುತ್ತದೆ. ಹೊಸನಗರದ ಒಳಗಿನ ತೋಟದಲ್ಲಿ ಸಿಗ್ನಲ್ ಇಲ್ಲದಿದ್ದರೂ ತೂಕ ಬರೆದಿಡಬಹುದು, ಪೇಟೆಗೆ ಬಂದಾಗ ಅದು ಮೇಲಕ್ಕೆ ಹೋಗುತ್ತದೆ. ಇಲ್ಲಿ ಹೆಚ್ಚಿನ ತಂಡಗಳು ಎಡವುವ ಜಾಗ ಒಂದಿದೆ. ಬರೆಯುವ ಆಜ್ಞೆಯ ಮುಂದೆ ‘ಅವೇಟ್’ ಹಾಕಿದರೆ ಸರ್ವರ್ ಒಪ್ಪಿಗೆ ಕೊಡುವವರೆಗೆ ಆ ಸಾಲು ಮುಗಿಯುವುದೇ ಇಲ್ಲ. ಡೇಟಾ ಫೋನಿನಲ್ಲಿ ಸೇರಿಯೇ ಇರುತ್ತದೆ, ಆದರೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಬಳಸುವವರು ಬೇಸತ್ತು ಮತ್ತೆ ಮತ್ತೆ ಒತ್ತುತ್ತಾರೆ, ಒಂದೇ ತೂಕ ಮೂರು ಸಲ ದಾಖಲಾಗುತ್ತದೆ. ಪರಿಹಾರ ಸುಲಭ: ಅವೇಟ್ ತೆಗೆಯಿರಿ, ಡಾಕ್ಯುಮೆಂಟಿನ (ಫೈರ್‌ಸ್ಟೋರ್‌ನಲ್ಲಿ ಒಂದು ದಾಖಲೆಯ ಹೆಸರು ಇದು) ಐಡಿಯನ್ನು ಫಾರ್ಮ್ ತೆರೆದಾಗಲೇ ಫೋನಿನಲ್ಲಿ ಹುಟ್ಟಿಸಿ, ಅದೇ ಐಡಿಗೆ ಬರೆಯಿರಿ. ಆಗ ಹತ್ತು ಸಲ ಒತ್ತಿದರೂ ದಾಖಲೆ ಒಂದೇ.

ಓದಿ, ತಿದ್ದಿ, ಬರೆಯುವುದನ್ನು ಒಂದೇ ಏಟಿಗೆ ಮುಗಿಸುವ ಟ್ರಾನ್ಸಾಕ್ಷನ್ ಮಾತ್ರ ನೆಟ್ ಇಲ್ಲದೆ ನಡೆಯುವುದಿಲ್ಲ. ಅಪ್ಪ, ಮಗ ಇಬ್ಬರೂ ಒಂದೇ ಡಾಕ್ಯುಮೆಂಟಿನ ಒಂದೇ ಅಂಕಿಯನ್ನು ಆಫ್‌ಲೈನ್‌ನಲ್ಲಿ ತಿದ್ದಿದರೆ ಕೊನೆಗೆ ಸರ್ವರ್ ತಲುಪಿದ್ದೇ ಉಳಿಯುತ್ತದೆ. ಹಾಗಾಗಿ ‘ಒಟ್ಟು ಕ್ವಿಂಟಾಲ್’ ಎಂದು ಒಂದು ಅಂಕಿ ಇಟ್ಟು ಅದನ್ನೇ ತಿದ್ದುತ್ತಾ ಹೋಗಬಾರದು. ಪ್ರತಿ ತೂಕಕ್ಕೂ ಬೇರೆ ಡಾಕ್ಯುಮೆಂಟ್ ಇರಲಿ, ಮೊತ್ತವನ್ನು ಆ್ಯಪ್ ಕೂಡಿಕೊಳ್ಳಲಿ.

ಇನ್ನು ಮಿತಿಯ ವಿಷಯ. ಸ್ಪಾರ್ಕ್‌ನಲ್ಲಿ ದಿನಕ್ಕೆ 50,000 ರೀಡ್ (ಓದು), 20,000 ರೈಟ್ (ಬರೆಯುವುದು), 20,000 ಡಿಲೀಟ್ (ಅಳಿಸುವುದು), ಒಟ್ಟು 1 ಜಿಬಿ ಸಂಗ್ರಹ. ಕೇಳಲು ಧಾರಾಳ. ಆದರೆ ಲೆಕ್ಕ ನಡೆಯುವುದು ಡಾಕ್ಯುಮೆಂಟಿಗೆ ಒಂದರಂತೆ. ಪ್ರತಿ ದರವನ್ನೂ ಬೇರೆ ಡಾಕ್ಯುಮೆಂಟ್ ಮಾಡಿ, ತೆರೆದ ಕೂಡಲೇ 300 ದರಗಳ ಪಟ್ಟಿ ತೋರಿಸಿದರೆ 166 ಸಲ ಆ್ಯಪ್ ತೆರೆಯುವಷ್ಟರಲ್ಲಿ ದಿನದ ಪಾಲು ಖಾಲಿ. ಅದರ ಬದಲು ಒಂದು ಮಾರುಕಟ್ಟೆಯ ಒಂದು ತಿಂಗಳ ದರವನ್ನೆಲ್ಲ ಒಂದೇ ಡಾಕ್ಯುಮೆಂಟಿನಲ್ಲಿ ತುಂಬಿ. ಒಂದು ಡಾಕ್ಯುಮೆಂಟಿಗೆ 1 ಎಂಬಿ ತನಕ ಜಾಗವಿದೆ, ತಿಂಗಳ ದರ ಅದರ ಮೂಲೆಗೂ ಸಾಲದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ, ಶಿಕಾರಿಪುರ ಐದೂ ಸೇರಿ ಐದೇ ರೀಡ್. ಅದೇ 50,000 ಈಗ 10,000 ಸಲಕ್ಕೆ ಸಾಕು, ತಿಂಗಳ ಗ್ರಾಫ್ ಬೇರೆ ಬಿಟ್ಟಿ.

ಪಾಲು ಮತ್ತೆ ತುಂಬುವುದು ಅಮೆರಿಕದ ಪೆಸಿಫಿಕ್ ಮಧ್ಯರಾತ್ರಿಗೆ, ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ, ಅವರ ಚಳಿಗಾಲದಲ್ಲಿ ಒಂದೂವರೆಗೆ. ಪರೀಕ್ಷಕರ ಮುಂದೆ ಬೆಳಗಿನ ಡೆಮೊ ಇದ್ದರೆ ಹಿಂದಿನ ರಾತ್ರಿ ಎಲ್ಲರೂ ಕುಳಿತು ಆ್ಯಪ್ ಓಡಿಸಿ ನೋಡಿದ್ದೂ ಅದೇ ದಿನದ ಖಾತೆಗೆ ಸೇರಿರುತ್ತದೆ!

ದರ ಜೋಡಿಸುವಾಗ ಇನ್ನೊಂದು ಗಮನಿಸಿ. ಶಿವಮೊಗ್ಗದಲ್ಲಿ ಅಡಿಕೆಯ ಬಗೆಗಳು ರಾಶಿ, ಬೆಟ್ಟೆ, ಸರಕು, ಗೊರಬಲು. ಸಾಗರದ ಪಟ್ಟಿಯಲ್ಲಿ ಚಾಲಿ, ಬಿಳೆಗೋಟು ಮುಂತಾದವೂ ಬರುತ್ತವೆ. ಎಲ್ಲ ಮಾರುಕಟ್ಟೆಗೂ ನಾಲ್ಕೇ ಕಾಲಂ ಎಂದು ಮೊದಲೇ ಗಟ್ಟಿ ಮಾಡಿದರೆ ಆಮೇಲೆ ಕಷ್ಟ. ಬಗೆಯ ಹೆಸರಿನ ಕೆಳಗೆ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಾಟವಾದ) ದರ ಇಡುವ ಮ್ಯಾಪ್, ಅಂದರೆ ಹೆಸರು–ಬೆಲೆ ಜೋಡಿಗಳ ಪಟ್ಟಿ ಮಾಡಿ. ಹೆಸರನ್ನು ಟೈಪ್ ಮಾಡಿಸಲೂಬೇಡಿ. ‘ತೀ’ ಎಂಬುದರ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡರ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ತೀರ್ಥಹಳ್ಳಿಯೇ, ಫೈರ್‌ಸ್ಟೋರ್‌ಗೆ ಬೇರೆ ಬೇರೆ ಊರು. ಪಟ್ಟಿಯಿಂದ ಆರಿಸುವಂತೆ ಮಾಡಿ, ಒಳಗೆ ಅಂಕಿಯ ಕೋಡ್ ಇಡಿ.

ತಂಡದ ಕೆಲಸಕ್ಕೆ ಇದು ಹೇಗೆ? ಇಲ್ಲಿ ನಮ್ಮ ಅಂಕ ಸ್ವಲ್ಪ ಕಡಿಮೆ. ಒಬ್ಬರ ಲ್ಯಾಪ್‌ಟಾಪಿನಲ್ಲಿ ಗೂಗಲ್ ಲಾಗಿನ್ ನಡೆಯುತ್ತದೆ, ಉಳಿದ ಮೂವರಲ್ಲಿ ‘ಎರರ್ 10’. ಕೋಡ್ ಅದೇ, ಗಿಟ್ ಅದೇ. ಆದರೆ ಪರೀಕ್ಷೆಯ ಆ್ಯಪ್‌ಗೆ ಸಹಿ ಹಾಕುವ ಡೀಬಗ್ ಕೀ ಪ್ರತಿ ಯಂತ್ರದಲ್ಲೂ ಬೇರೆ. ನಾಲ್ವರೂ ಆಂಡ್ರಾಯ್ಡ್ ಫೋಲ್ಡರಿನಲ್ಲಿ ಗ್ರೇಡಲ್‌ನ ‘ಸೈನಿಂಗ್ ರಿಪೋರ್ಟ್’ ಓಡಿಸಿ, ಬಂದ ಶಾ-1 ಸಾಲನ್ನು (ಆ ಕೀಯ ಗುರುತು) ಫೈರ್‌ಬೇಸ್‌ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ಗೆ ಸೇರಿಸಿ, ಗೂಗಲ್ ಸರ್ವೀಸಸ್ ಜೇಸನ್ ಕಡತವನ್ನು ಮತ್ತೆ ಇಳಿಸಿಕೊಳ್ಳಬೇಕು. ಪ್ಲೇ ಸ್ಟೋರಿಗೆ ಹಾಕಿದ ಮೇಲೆ ಗೂಗಲ್ ತನ್ನದೇ ಕೀಯಿಂದ ಸಹಿ ಹಾಕುವುದರಿಂದ ಅಲ್ಲಿಯ ಶಾ-1 ಅನ್ನೂ ಸೇರಿಸಬೇಕು. ಇಲ್ಲದಿದ್ದರೆ ಇಷ್ಟು ದಿನ ಓಡಿದ ಲಾಗಿನ್ ಬಿಡುಗಡೆಯ ದಿನವೇ ಕೈಕೊಡುತ್ತದೆ.

ಡೇಟಾಬೇಸ್ ತೆರೆಯುವಾಗ ಜಾಗ ಮುಂಬೈ, ಅಂದರೆ ‘ಏಷ್ಯಾ ಸೌತ್ 1’ ಆರಿಸಿ. ಒಮ್ಮೆ ಆರಿಸಿದ ಮೇಲೆ ಬದಲಿಸಲು ಬರುವುದಿಲ್ಲ. ಟೆಸ್ಟ್ ಮೋಡ್‌ನಲ್ಲಿ ತೆರೆದರೆ 30 ದಿನ ಯಾರು ಬೇಕಾದರೂ ಓದಬಹುದು, ಬರೆಯಬಹುದು. ಆಮೇಲೆ ಬಾಗಿಲು ಪೂರ್ತಿ ಮುಚ್ಚುತ್ತದೆ. ‘ನಿನ್ನೆ ಓಡುತ್ತಿತ್ತು, ಇವತ್ತು ಪರ್ಮಿಷನ್ ಡಿನೈಡ್’ ಎಂಬ ಗೋಳಿನ ಮೂಲ ಬಹುತೇಕ ಇದೇ. ಪ್ರಾಜೆಕ್ಟಿಗೆ ಇಬ್ಬರು ಓನರ್ ಇರಲಿ, ಒಬ್ಬರ ಖಾತೆಯಾದರೂ ಕಾಲೇಜಿನದಲ್ಲದ ಸ್ವಂತ ಮೇಲ್ ಆಗಿರಲಿ. ಕೋರ್ಸ್ ಮುಗಿದ ಮೇಲೆ ಕಾಲೇಜಿನ ಮೇಲ್ ನಿಂತುಹೋಗುವುದುಂಟು.

ಪ್ರತ್ಯೇಕವಾಗಿ ಹೇಳಲೇಬೇಕಾದ ಒಳ್ಳೆಯ ಭಾಗ ಎಮ್ಯುಲೇಟರ್ ಸೂಟ್. ಜಾವಾ ಹಾಕಿದ ಲ್ಯಾಪ್‌ಟಾಪಿನಲ್ಲಿ ಫೈರ್‌ಸ್ಟೋರ್, ಲಾಗಿನ್ ಎರಡೂ ಸ್ಥಳೀಯವಾಗಿ ಓಡುತ್ತವೆ. ಪಾಲು ಕರಗುವುದಿಲ್ಲ, ಆಷಾಢದ ಮಳೆಗೆ ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಆಂಡ್ರಾಯ್ಡ್ ಎಮ್ಯುಲೇಟರಿನಿಂದ (ಲ್ಯಾಪ್‌ಟಾಪಿನೊಳಗಿನ ನಕಲಿ ಫೋನ್) ಈ ಸೂಟನ್ನು ಮುಟ್ಟಲು ‘ಲೋಕಲ್‌ಹೋಸ್ಟ್’ ಬದಲು 10.0.2.2 ವಿಳಾಸ ಬೇಕು. ನಿಲ್ಲಿಸುವಾಗ ಡೇಟಾ ಎಕ್ಸ್‌ಪೋರ್ಟ್ ಮಾಡದಿದ್ದರೆ ಎಲ್ಲ ಅಳಿಸಿಹೋಗುತ್ತದೆ.

ಪುಕ್ಕಟೆ ಮುಗಿಯುವ ಜಾಗಗಳು: ಫೋನ್ ಒಟಿಪಿ, ಕ್ಲೌಡ್ ಫಂಕ್ಷನ್ಸ್ (ನಮ್ಮ ಕೋಡನ್ನು ಗೂಗಲ್‌ನ ಸರ್ವರಿನಲ್ಲಿ ಓಡಿಸುವುದು), ಹೊಸ ಪ್ರಾಜೆಕ್ಟುಗಳ ಫೋಟೊ ಸಂಗ್ರಹ. ಈ ಮೂರಕ್ಕೂ ಕಾರ್ಡ್ ಜೋಡಿಸಿ, ಬಳಸಿದಷ್ಟಕ್ಕೆ ಹಣ ಕೊಡುವ ಬ್ಲೇಜ್ ಯೋಜನೆಗೆ ಹೋಗಬೇಕು. ಅಲ್ಲಿ ಬಜೆಟ್ ಎಚ್ಚರಿಕೆ ಮೇಲ್ ಮಾತ್ರ ಕಳಿಸುತ್ತದೆ, ಖರ್ಚನ್ನು ತಡೆಯುವುದಿಲ್ಲ. ವಿದ್ಯಾರ್ಥಿ ತಂಡ ಮೂರನ್ನೂ ಬಿಟ್ಟೇ ಯೋಜಿಸುವುದು ಕ್ಷೇಮ.

ಫಂಕ್ಷನ್ಸ್ ಇಲ್ಲದೆ ದಿನದ ದರ ಯಾರು ತುಂಬಬೇಕು? ಹೇಳಿದ ಹೊತ್ತಿಗೆ ಕೋಡ್ ಓಡಿಸಿಕೊಡುವ ಗಿಟ್‌ಹಬ್ ಆ್ಯಕ್ಷನ್ಸ್ ಸಾಕು. ಸಂಜೆ 6:37ಕ್ಕೆ ಓಡಬೇಕಾದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿ 13:07 ಎಂದು ಬರೆಯಬೇಕು. ಸರಿಯಾಗಿ ಗಂಟೆಗೆ ಇಟ್ಟರೆ ಜಗತ್ತಿನ ಎಲ್ಲರ ಕೆಲಸವೂ ಆಗಲೇ ನುಗ್ಗಿ ತಡವಾಗುತ್ತದೆ. ಸಾರ್ವಜನಿಕ ರೆಪೊದಲ್ಲಿ (ಗಿಟ್‌ಹಬ್‌ನಲ್ಲಿ ಕೋಡ್ ಇಡುವ ಜಾಗ) 60 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ಈ ವೇಳಾಪಟ್ಟಿ ತಾನೇ ನಿಂತುಬಿಡುತ್ತದೆ. ಪರೀಕ್ಷೆ, ರಜೆ ಕಳೆದು ನೋಡುವಾಗ ಆ್ಯಪ್‌ನಲ್ಲಿ ಹಳೇ ದರ. ಈ ಕೋಡ್ ಡೇಟಾಬೇಸಿಗೆ ಬರೆಯಲು ಬಳಸುವ ಸರ್ವೀಸ್ ಅಕೌಂಟ್ ಕೀಯನ್ನು ಗಿಟ್‌ಹಬ್‌ನ ‘ಸೀಕ್ರೆಟ್ಸ್’ನಲ್ಲಿಯೇ ಇಡಿ. ಯಾರು ಓದಬಹುದು, ಬರೆಯಬಹುದು ಎನ್ನುವ ಸೆಕ್ಯುರಿಟಿ ರೂಲ್ಸ್ ಯಾವುದನ್ನೂ ಆ ಕೀ ಲೆಕ್ಕಿಸುವುದಿಲ್ಲ, ರೆಪೊಗೆ ಬಿದ್ದರೆ ಇಡೀ ಡೇಟಾಬೇಸ್ ಬಯಲು.

ಬೋರ್ಡೋ ನೆನಪಿಗೆ ಸರ್ವರ್ ಬೇಡವೇ ಬೇಡ. ಮುಂಗಾರು ಹಿಡಿಯುವ ಮೊದಲು ಒಂದು ಸಲ, 40–45 ದಿನಕ್ಕೆ ಮತ್ತೊಂದು ಸಲ ಹೊಡೆಯುವುದು ರೂಢಿ. ಫೋನಿನೊಳಗಿನ ಲೋಕಲ್ ನೋಟಿಫಿಕೇಷನ್ ಸಾಕು. ಆದರೆ ಫೋನ್ ಆರಿ ಮತ್ತೆ ಹೊತ್ತಿಕೊಂಡರೆ ಆಂಡ್ರಾಯ್ಡ್ ಅಲಾರ್ಮ್‌ಗಳೆಲ್ಲ ಹೋಗುತ್ತವೆ. ಫೋನ್ ಹೊತ್ತಿಕೊಂಡ ಕೂಡಲೇ ಓಡುವ ಬೂಟ್ ರಿಸೀವರ್ ಬರೆದು ಮತ್ತೆ ಹಾಕಿಸಬೇಕು. ಆಂಡ್ರಾಯ್ಡ್ 13ರಿಂದ ಈಚೆಗೆ ನೋಟಿಫಿಕೇಷನ್‌ಗೆ ಅನುಮತಿಯನ್ನೂ ಕೇಳಬೇಕು. ಕೊಳೆ ಬಿದ್ದ ಮೇಲೆ ಗಂಟೆ ಹೊಡೆದರೆ ಏನು ಬಂತು?

ಪರೀಕ್ಷಿಸುವವರಿಗೆ ಆ್ಯಪ್ ಹಂಚಲು ಫೈರ್‌ಬೇಸ್‌ನದೇ ಆ್ಯಪ್ ಡಿಸ್ಟ್ರಿಬ್ಯೂಷನ್ ಇದೆ, ಉಚಿತ. ಪ್ಲೇ ಸ್ಟೋರಿಗೆ ಒಂದು ಸಲ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು ಕನಿಷ್ಠ 12 ಜನ ಸತತ 14 ದಿನ ಕ್ಲೋಸ್ಡ್ ಟೆಸ್ಟ್‌ನಲ್ಲಿ (ಆಯ್ದವರಿಗೆ ಮಾತ್ರ ಸಿಗುವ ಪರೀಕ್ಷೆ) ಇರಬೇಕು. ವೈವಾಗೆ ಹದಿನೈದು ದಿನ ಇರುವಾಗ ಖಾತೆ ತೆರೆಯಲು ಕುಳಿತರೆ ಆಗದು. ಸೆಮಿಸ್ಟರಿನ ಮಧ್ಯದಲ್ಲೇ ಖಾತೆ ತೆರೆದು, ದರದ ಪುಟ ಒಂದೇ ಇರುವ ಅರೆಬರೆ ಆ್ಯಪ್ ಆದರೂ ಸರಿ, ಟೆಸ್ಟ್‌ಗೆ ಹಾಕಿಬಿಡಿ. ಹನ್ನೆರಡಕ್ಕೆ ಸರಿಯಾಗಿ ಹನ್ನೆರಡೇ ಜನರನ್ನು ಹಿಡಿಯದೆ ಹದಿನೈದು ಮಂದಿ ಇಟ್ಟುಕೊಳ್ಳಿ. ಮಧ್ಯದಲ್ಲಿ ಇಬ್ಬರು ಬಿಟ್ಟುಹೋದರೂ ಎಣಿಕೆ ತಪ್ಪುವುದಿಲ್ಲ.