ಕಡಲತೀರದ ನಿಸರ್ಗ ಬಳಗಗಳಿಗೆ ಐನ್ಯಾಚುರಲಿಸ್ಟ್: ಹೆಸರಿಗೆ ಸೈ, ಲೆಕ್ಕಕ್ಕೆ ಸಾಲದು

ಕಡಲತೀರದ ಊರೊಂದರಲ್ಲಿ ಹಕ್ಕಿ ನೋಡುವವರು, ಆಮೆಗಳ ಗೂಡು ಕಾಯುವವರು, ಕಾಂಡ್ಲಾ (ಮ್ಯಾಂಗ್ರೋವ್) ಸಸಿ ನೆಡುವವರು, ಮರಳದಿಬ್ಬಗಳ ಮೇಲೆ ಸ್ಥಳೀಯ ಬಳ್ಳಿ ಮತ್ತು ಹುಲ್ಲು ಬೆಳೆಸುವ ತೋಟಗಾರರು ಬೇರೆ ಬೇರೆ ಬಳಗಗಳಾಗಿ ಕೆಲಸ ಮಾಡುತ್ತಿರುತ್ತಾರೆ. ಒಬ್ಬರ ಟಿಪ್ಪಣಿ ಪುಸ್ತಕದಲ್ಲಿ, ಇನ್ನೊಬ್ಬರದು ಮೊಬೈಲಿನ ಫೋಟೋಗಳ ರಾಶಿಯಲ್ಲಿ ಉಳಿದುಬಿಡುತ್ತದೆ. ಇವೆಲ್ಲವನ್ನೂ ಒಂದೆಡೆ ಸೇರಿಸಲು ಏನು ಬಳಸಬೇಕೆಂದು ಕೇಳಿದವರಿಗೆ ಹೆಚ್ಚಾಗಿ ಸಿಗುವ ಉತ್ತರ ಐನ್ಯಾಚುರಲಿಸ್ಟ್. ಆ್ಯಪ್ ಆಗಿಯೂ ಜಾಲತಾಣವಾಗಿಯೂ ದೊರೆಯುವ ಈ ಸೇವೆ ಕಡಲತೀರದ ಬಳಗಗಳ ಕೆಲಸಕ್ಕೆ ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

2008ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ಇದು 2014ರಲ್ಲಿ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ಆಶ್ರಯಕ್ಕೆ ಬಂದು, 2023ರಿಂದ ಲಾಭರಹಿತ ಸ್ವತಂತ್ರ ಸಂಸ್ಥೆಯಾಗಿ ನಡೆಯುತ್ತಿದೆ. ಬಳಕೆಗೆ ಶುಲ್ಕವಿಲ್ಲ, ಜಾಹೀರಾತುಗಳ ಕಾಟವೂ ಇಲ್ಲ. ಜೀವಿಯ ಫೋಟೋ ಅಥವಾ ಧ್ವನಿಯನ್ನು ದಿನಾಂಕ ಮತ್ತು ಸ್ಥಳದೊಡನೆ ಏರಿಸಿದರೆ ಗಣಕ ಒಂದು ಹೆಸರನ್ನು ಸೂಚಿಸುತ್ತದೆ. ಆಮೇಲೆ ಇತರ ಬಳಕೆದಾರರು ಅದನ್ನು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಹೆಸರು ಹೇಳಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಒಂದೇ ಪ್ರಭೇದಕ್ಕೆ ಸಮ್ಮತಿಸಿದಾಗ ದಾಖಲೆಗೆ 'ಸಂಶೋಧನಾ ದರ್ಜೆ' ದೊರೆಯುತ್ತದೆ. ಮುಕ್ತ ಪರವಾನಗಿಯಿದ್ದರೆ ಅದು ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ದತ್ತಾಂಶ ಭಂಡಾರವನ್ನೂ ಸೇರುತ್ತದೆ.

ಹೆಸರು ಕಂಡುಹಿಡಿಯುವ ಕೆಲಸದಲ್ಲಿ ಇದಕ್ಕೆ ಸರಿಸಾಟಿಯಾದುದನ್ನು ನಾನು ಕಂಡಿಲ್ಲ. ಕಡಲಿನ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವಿನ ನೀರಿನಲ್ಲಿ ಕಾಣುವ ಬಸವನಹುಳು, ಏಡಿ, ಕಡಲಹೂಗಳನ್ನು ಗುರುತಿಸಬಲ್ಲವರು ಯಾವ ಊರಿನಲ್ಲೂ ಬೆರಳೆಣಿಕೆಯಷ್ಟು ಮಂದಿ ಮಾತ್ರ ಇರುತ್ತಾರೆ. ಇಲ್ಲಿ ಅಂಥವರು ಬೇರೊಂದು ಖಂಡದಲ್ಲಿ ಕುಳಿತೇ ನೆರವಾಗುತ್ತಾರೆ. ಆದರೆ ಗಣಕದ ಸೂಚನೆಯನ್ನೇ ತೀರ್ಪೆಂದು ಭಾವಿಸುವುದು ಅಪಾಯಕರ. ಸಾಕಷ್ಟು ಫೋಟೋಗಳು ಸಂಗ್ರಹವಾಗಿರುವ ಜೀವಿಗಳನ್ನಷ್ಟೇ ಅದು ಕಲಿತಿರುತ್ತದೆ. ಅಪರೂಪದ ಜೀವಿ ಎದುರಾದಾಗ ಅದನ್ನು ಹೋಲುವ ಸಾಮಾನ್ಯ ಜೀವಿಯ ಹೆಸರನ್ನು ಮುಂದಿಡುವ ಸಂಭವ ಹೆಚ್ಚು. ಸಂದೇಹವಿದ್ದಾಗ ಕುಲದ ಅಥವಾ ಕುಟುಂಬದ ಮಟ್ಟದಲ್ಲೇ ನಿಲ್ಲಿಸಲು ವ್ಯವಸ್ಥೆಯಲ್ಲಿ ಅವಕಾಶವಿದ್ದು, ಬಳಗಗಳು ತಮ್ಮ ಸದಸ್ಯರಿಗೆ ಮೊದಲು ಕಲಿಸಬೇಕಾದುದು ಈ ಸಂಯಮವನ್ನೇ. ಫೋಟೋ ತೆಗೆಯುವುದರಲ್ಲೂ ಶಿಸ್ತು ಬೇಕು: ಕಾಂಡ್ಲಾ ಗಿಡದ ಹಸಿರು ಗುಂಪನ್ನು ದೂರದಿಂದ ಹಿಡಿದ ಒಂದು ಚಿತ್ರದಿಂದ ಯಾರೂ ಪ್ರಭೇದ ಹೇಳಲಾರರು, ಎಲೆಯ ಅಡಿಭಾಗ, ಹೂಗೊಂಚಲು, ಕಾಯಿ ಮತ್ತು ಬೇರಿನ ಬಗೆಯನ್ನು ಪ್ರತ್ಯೇಕವಾಗಿ ತೆಗೆದು ಒಂದೇ ದಾಖಲೆಯಲ್ಲಿ ಸೇರಿಸಬೇಕು.

ತೋಟಗಾರ ಬಳಗಗಳಿಗೆ ಮೊದಲ ನೋಟದಲ್ಲಿ ಈ ಸೇವೆಯಿಂದ ನಿರಾಸೆಯಾಗಬಹುದು. ಮನುಷ್ಯರು ನೆಟ್ಟ ಗಿಡವನ್ನು 'ಬೆಳೆಸಿದ್ದು' ಎಂದು ಗುರುತಿಸಬೇಕೆಂಬುದು ಇಲ್ಲಿನ ನಿಯಮ. ಹಾಗೆ ಗುರುತಿಸಿದ ದಾಖಲೆ ಸಾಮಾನ್ಯವಾಗಿ ಸಂಶೋಧನಾ ದರ್ಜೆಗೆ ಏರುವುದೇ ಇಲ್ಲ. ದಿಬ್ಬವನ್ನು ಹಿಡಿದಿಡಲೆಂದು ಶ್ರಮಪಟ್ಟು ಅಡಂಬು ಬಳ್ಳಿಯ ತುಂಡುಗಳನ್ನು ನೆಟ್ಟವರಿಗೆ ಇದು ಅನ್ಯಾಯವೆಂದು ತೋರಿದರೂ ನಿಯಮ ಸರಿಯಾಗಿಯೇ ಇದೆ, ಏಕೆಂದರೆ ನೆಟ್ಟದ್ದನ್ನೂ ಸಹಜವಾಗಿ ಹಬ್ಬಿದ್ದನ್ನೂ ಬೆರೆಸಿದರೆ ಆ ಸಸ್ಯದ ನೈಜ ಹರಹು ಯಾವುದೆಂದು ಮುಂದೆ ಯಾರಿಗೂ ತಿಳಿಯದು. ಈ ನಿಯಮದೊಳಗೇ ತೋಟಗಾರರಿಗೆ ಬಹಳ ಉಪಯುಕ್ತವಾದ ಒಂದು ದಾರಿ ಇದೆ. ನೆಟ್ಟ ಬಳ್ಳಿಯ ಹೂವಿಗೆ ಬರುವ ಜೇನು, ಎಲೆ ತಿನ್ನುವ ಕಂಬಳಿಹುಳು, ಬುಡದಲ್ಲಿ ಬಿಲ ತೋಡುವ ಏಡಿ, ಇವೆಲ್ಲವೂ ಕಾಡುಜೀವಿಗಳೇ ಆದುದರಿಂದ ಅವುಗಳ ದಾಖಲೆಗೆ ಅಡ್ಡಿಯಿಲ್ಲ; ನೆಟ್ಟ ಗಿಡದ ಬೀಜದಿಂದ ತಾನಾಗಿ ಹುಟ್ಟಿದ ಸಸಿಯನ್ನೂ ಸಹಜವೆಂದೇ ದಾಖಲಿಸಬಹುದು. ನೆಟ್ಟ ಸಸಿಗಳ ಸಂಖ್ಯೆಯನ್ನು ಎಲ್ಲ ಬಳಗಗಳೂ ಸಭೆಯಲ್ಲಿ ಹೇಳಿಕೊಳ್ಳುತ್ತವೆ. ಆದರೆ ನೆಟ್ಟ ಜಾಗಕ್ಕೆ ಜೀವಸಂಕುಲ ಮರಳಿದೆಯೇ ಎಂಬುದಕ್ಕೆ ಸಾಕ್ಷ್ಯ ಸಿಗುವುದು ಇಂಥ ದಾಖಲೆಗಳಿಂದ.

ನೆಟ್ಟ ಸಸಿಗಳಲ್ಲಿ ಎಷ್ಟು ಉಳಿದವು ಎಂಬ ಲೆಕ್ಕವನ್ನು ಮಾತ್ರ ಈ ಆ್ಯಪ್ ಇಡಲಾರದು, ಮತ್ತು ಕಾಂಡ್ಲಾ ನೆಡುವವರಿಗೆ ಆ ಲೆಕ್ಕವೇ ಮುಖ್ಯ. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಕೈಗೊಂಡ ಕಾಂಡ್ಲಾ ನೆಡುತೋಪುಗಳನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರಿಶೀಲಿಸಿದಾಗ, 23 ತಾಣಗಳ ಪೈಕಿ 9ರಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಭರತ ಇಳಿತಗಳಿಗೆ ಹೊಂದದ ಜಾಗದಲ್ಲಿ, ಹೊಂದದ ಪ್ರಭೇದವನ್ನು ನೆಟ್ಟರೆ ಹೀಗಾಗುತ್ತದೆ; ಅದನ್ನು ಬೇಗ ಅರಿಯಬೇಕಾದರೆ ಗುರುತಿನ ಸಂಖ್ಯೆ ಹಾಕಿದ ಸಸಿಗಳನ್ನು ನಿಗದಿತ ಅವಧಿಗೊಮ್ಮೆ ಎಣಿಸಿ ಬರೆದಿಡುವ ಒಂದು ಸಾದಾ ದಾಖಲೆ ಪುಸ್ತಕ ಸಾಕು.

ಇದರ ಬೆನ್ನಿಗೇ ಇರುವ ಮತ್ತೊಂದು ಕೊರತೆ, ಏನೂ ಕಾಣದಿದ್ದುದನ್ನು ಬರೆದಿಡಲು ಇಲ್ಲಿ ಜಾಗವಿಲ್ಲದಿರುವುದು. ಆಮೆಗಳಿಗಾಗಿ ರಾತ್ರಿಯಿಡೀ ತೀರದುದ್ದಕ್ಕೂ ನಡೆದು ಬರಿಗೈಯಲ್ಲಿ ಮರಳಿದರೆ ಅದೂ ಮಾಹಿತಿಯೇ; ನಡೆದ ದೂರ ಮತ್ತು ಹೊತ್ತು ತಿಳಿಯದೆ ಗೂಡುಗಳು ಹೆಚ್ಚಾದವೋ ಕಡಿಮೆಯಾದವೋ ಎಂದು ಹೇಳಲು ಬರುವುದಿಲ್ಲ. ಹಕ್ಕಿಗಳ ಮಟ್ಟಿಗೆ 2002ರಿಂದ ನಡೆಯುತ್ತಿರುವ ಇಬರ್ಡ್ ಎಂಬ ಹಕ್ಕಿ ದಾಖಲೆಗಳ ಜಾಲತಾಣ ಈ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿದೆ: ಅಲ್ಲಿ ನಡೆದ ದೂರ, ಕಳೆದ ಸಮಯ ಮತ್ತು ಕಂಡ ಎಲ್ಲ ಪ್ರಭೇದಗಳ ಸಂಖ್ಯೆಯನ್ನು ಒಟ್ಟಾಗಿ ದಾಖಲಿಸುವುದರಿಂದ, ಪಟ್ಟಿಯಲ್ಲಿಲ್ಲದ ಹಕ್ಕಿ ಅಂದು ಕಾಣಲಿಲ್ಲವೆಂದು ತಿಳಿಯಬಹುದು. ಕಡಲಹಕ್ಕಿಗಳನ್ನೇ ಮುಖ್ಯವಾಗಿ ಗಮನಿಸುವ ಬಳಗಕ್ಕೆ ನಾನು ಇಬರ್ಡನ್ನೇ ಶಿಫಾರಸು ಮಾಡುತ್ತೇನೆ.

ಗೋಪ್ಯತೆಯ ವಿಷಯದಲ್ಲಿ ಐನ್ಯಾಚುರಲಿಸ್ಟ್ ಮೆಚ್ಚುಗೆಗೆ ಪಾತ್ರವಾಗುತ್ತದೆ. ಅಪಾಯದಲ್ಲಿರುವ ಹಲವು ಪ್ರಭೇದಗಳ ನಿಖರ ಸ್ಥಳವನ್ನು ಅದು ತಾನಾಗಿಯೇ ಮರೆಮಾಡಿ, 0.2 ಡಿಗ್ರಿ ಅಗಲದ ಚೌಕದೊಳಗೆ, ಅಂದರೆ ಸಮಭಾಜಕದ ಬಳಿ ಸುಮಾರು 22 ಕಿಲೋಮೀಟರ್ ಅಗಲದ ಪ್ರದೇಶದಲ್ಲಿ, ಎಲ್ಲೋ ಒಂದು ಬಿಂದುವನ್ನು ತೋರಿಸುತ್ತದೆ. ಉಳಿದವುಗಳ ಸ್ಥಳವನ್ನು ಬಳಕೆದಾರರೇ ಮರೆಮಾಡಬಹುದು. ಆಮೆಯ ಗೂಡಿನ ದಾಖಲೆಯಲ್ಲಿ ಸ್ಥಳ ಮರೆಯಾಗಿದೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮೊಟ್ಟೆ ಕದಿಯುವವರಿಗೂ ಅಂತರಜಾಲ ತೆರೆದೇ ಇದೆ. ಆದರೆ ಫೋಟೋದ ಹಿನ್ನೆಲೆಯಲ್ಲಿ ದೀಪಸ್ತಂಭವೋ ಎಲ್ಲರೂ ಬಲ್ಲ ಬಂಡೆಯೋ ಕಂಡರೆ ಈ ರಕ್ಷಣೆಯೆಲ್ಲ ವ್ಯರ್ಥ, ಅದನ್ನು ತಡೆಯುವ ತಂತ್ರಜ್ಞಾನ ಯಾವ ಆ್ಯಪ್‌ನಲ್ಲೂ ಇಲ್ಲ. ತೀರಕ್ಕೆ ತೇಲಿ ಬಂದ ಖಾಲಿ ಚಿಪ್ಪನ್ನು ದಾಖಲಿಸುವಾಗಲೂ 'ಸತ್ತದ್ದು' ಎಂಬ ಗುರುತು ಹಾಕಬೇಕು. ಇಲ್ಲದಿದ್ದರೆ ದೂರದ ಆಳನೀರಿನ ಜೀವಿ ಆ ತೀರದಲ್ಲೇ ವಾಸಿಸುತ್ತದೆಂಬ ತಪ್ಪು ಕಲ್ಪನೆ ಹುಟ್ಟುತ್ತದೆ.

ಶಾಲಾ ಮಕ್ಕಳನ್ನು ತೀರಕ್ಕೆ ಕರೆದೊಯ್ಯುವ ಬಳಗಗಳು ಇದೇ ಸಂಸ್ಥೆಯ ಸೀಕ್ ಎಂಬ ಇನ್ನೊಂದು ಆ್ಯಪ್ ಬಳಸುವುದು ಲೇಸು. ಅದಕ್ಕೆ ಖಾತೆ ಬೇಕಿಲ್ಲ, ಮಕ್ಕಳು ತೆಗೆದ ಚಿತ್ರಗಳನ್ನು ಅದು ತಾನಾಗಿ ಎಲ್ಲೂ ಪ್ರಕಟಿಸುವುದಿಲ್ಲ. ಮುಖ್ಯ ಆ್ಯಪ್‌ನಲ್ಲಿ ಒಂದೇ ಬೆಳಗ್ಗೆ ನೂರಾರು ಮಸುಕಾದ ಫೋಟೋಗಳು ಬಂದು ಬಿದ್ದರೆ, ಹೆಸರು ಹೇಳಲು ಬಿಡುವಿನ ವೇಳೆ ಕೊಡುವ ತಜ್ಞರು ಆ ತೀರದ ದಾಖಲೆಗಳನ್ನು ತೆರೆದು ನೋಡುವುದನ್ನೇ ಬಿಟ್ಟುಬಿಡುತ್ತಾರೆ.