ಓಪನ್‌ಸ್ಕೋಪ್: ಇಳಿಸುವುದಕ್ಕಿಂತ ಹಾರಿಸುವುದರಲ್ಲೇ ಮಜಾ

ಬ್ರೌಸರ್‌ನಲ್ಲೇ ಆಡುವ ಏರ್ ಟ್ರಾಫಿಕ್ ಕಂಟ್ರೋಲ್, ಅಂದರೆ ವಿಮಾನಗಳ ಓಡಾಟ ನಿಯಂತ್ರಿಸುವ ಆಟ ಇದು. ದುಡ್ಡು ಕೊಡಬೇಕಿಲ್ಲ, ಇನ್‌ಸ್ಟಾಲ್ ಮಾಡೋ ತಲೆನೋವೂ ಇಲ್ಲ. ಒಂದು ರೇಡಾರ್ ಪರದೆ, ಪಕ್ಕದಲ್ಲಿ ಒಂದೊಂದು ವಿಮಾನದ ವಿವರ ತೋರಿಸುವ ಸ್ಟ್ರಿಪ್, ಕೆಳಗೆ ಕಮಾಂಡ್ ಟೈಪ್ ಮಾಡುವ ಜಾಗ. ಅಷ್ಟೇ.

ಲ್ಯಾಂಡಿಂಗ್ ಕಷ್ಟ, ಟೇಕಾಫ್‌ಗೇನು ಬಿಟ್ಟರೆ ಆಯ್ತು ಅಂತ ಅನ್ನಿಸುತ್ತೆ ಅಲ್ವಾ? ಬಿಡೋದೇ ಕಷ್ಟ. ಮೊದಲು ಪೈಲಟ್‌ಗೆ 'ಸಿಎಎಫ್' (caf) ಅಂತ ಕಮಾಂಡ್ ಕೊಡಬೇಕು, ಅಂದರೆ ನೀವು ಕೊಟ್ಟಿರುವ ಪ್ಲಾನ್ ಪ್ರಕಾರವೇ ಹೋಗಿ ಅಂತ. ಆಮೇಲೆ 'ಸಿವಿಎಸ್' (cvs), ಅಂದರೆ ಆ ನಿರ್ಗಮನ ಮಾರ್ಗಕ್ಕೆ ಗೊತ್ತು ಮಾಡಿರುವ ಎತ್ತರಗಳನ್ನು ಪಾಲಿಸುತ್ತಾ ಏರಿ ಅಂತ. ಟ್ಯಾಕ್ಸಿ, ಅಂದರೆ ರನ್‌ವೇವರೆಗೆ ನೆಲದ ಮೇಲೆ ಸಾಗೋದು ಮುಗಿದು ಸರದಿ ಬಂದ ಮೇಲೆ ಟೇಕಾಫ್. ಈ ಮಾರ್ಗದ ಅನುಮತಿ (ಕ್ಲಿಯರೆನ್ಸ್) ಕೊಡದೆ ಹೊರಡು ಅಂದರೆ ಪೈಲಟ್ ಆಗಲ್ಲ ಅನ್ನುತ್ತಾನೆ, ಯಾಕೆ ಅಂತಾನೂ ಹೇಳುತ್ತಾನೆ. ಇದು ನನಗೆ ತುಂಬಾ ಹಿಡಿಸಿತು.

ನಿಜವಾದ ಆಟ ಶುರುವಾಗೋದು ಸರದಿಯಲ್ಲಿ ಸೆಸ್ನಾ 172 ಅನ್ನೋ ಒಂದು ಪುಟ್ಟ ವಿಮಾನ, ಅದರ ಹಿಂದೆ ಒಂದು ಬೋಯಿಂಗ್ 737 ಜೆಟ್ ನಿಂತಾಗ. ಸೆಸ್ನಾ ಏರೋದು ಸುಮಾರು 75 ನಾಟ್ ವೇಗದಲ್ಲಿ, ಜೆಟ್ ಸ್ವಲ್ಪ ಹೊತ್ತಿಗೆ 250 ತಲುಪಿರುತ್ತೆ, ಹಾಗಾಗಿ ರನ್‌ವೇ ಮೇಲೆ ಎಷ್ಟೇ ಅಂತರ ಕೊಟ್ಟರೂ ಮೇಲೆ ಹೋದಮೇಲೆ ಜೆಟ್ ಬಂದು ಇದರ ಬಾಲಕ್ಕೇ ಅಂಟಿಕೊಳ್ಳುತ್ತೆ. ಸೆಸ್ನಾ ನೆಲ ಬಿಟ್ಟು ಸ್ವಲ್ಪ ಏರಿದ ಕೂಡಲೇ ಹೊಸ ಹೆಡಿಂಗ್ (ದಿಕ್ಕು) ಕೊಟ್ಟು ಪಕ್ಕಕ್ಕೆ ತಿರುಗಿಸಿ, ಆಮೇಲೆ ಜೆಟ್ ಬಿಡಿ. ಒಂದು ವಿಮಾನ ಸರಿಯಾಗಿ ಹೊರಗೆ ಹೋದರೆ ಸಿಗೋದು 10 ಅಂಕ, ವಿಮಾನಗಳ ನಡುವಿನ ಅಂತರ ತಪ್ಪಿದರೆ ಹೋಗೋದು 200. ಅನ್ಯಾಯ ಅನ್ನಿಸಬಹುದು, ಆದರೆ ಕೆಲಸವೇ ಅಂಥದ್ದು.

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣ ಆರಿಸಿಕೊಂಡು ನೋಡಿ. ಅಲ್ಲಿ ನಿಜವಾಗಲೂ ಪಶ್ಚಿಮದ ಗಾಳಿ ಇದ್ದಾಗ ಸಾಮಾನ್ಯವಾಗಿ 28 ಅನ್ನೋ ಸಂಖ್ಯೆಯ ಜೋಡಿ ರನ್‌ವೇಗಳಲ್ಲಿ ಇಳಿಸುತ್ತಾರೆ, 01ರ ಜೋಡಿಯಿಂದ ಹಾರಿಸುತ್ತಾರೆ. ಎರಡೂ ಜೋಡಿ ಒಂದನ್ನೊಂದು ಅಡ್ಡ ಹಾಯುತ್ತವೆ! ಇಳಿಯೋರ ನಡುವೆ ಸಂದು ಸಿಕ್ಕಾಗಲೇ ಹೊರಡೋರನ್ನು ಬಿಡಬೇಕು.

ಕೊರತೆ ಇಲ್ಲ ಅಂತಲ್ಲ. ಟ್ಯಾಕ್ಸಿ ಮಾಡೋದು ಕಣ್ಣಿಗೆ ಕಾಣಲ್ಲ. ಮೈಕ್‌ನಲ್ಲಿ ಮಾತಾಡಿ ಆಡೋಕೂ ಆಗಲ್ಲ, ಎಲ್ಲ ಟೈಪಿಂಗೇ. ಹೀಗಾಗಿ ಫೋನ್‌ನಲ್ಲಿ ಆಡೋ ಯೋಚನೆ ಬಿಟ್ಟುಬಿಡಿ. ಗ್ರಾಫಿಕ್ಸ್ ಬೇಕು ಅನ್ನೋರಿಗೆ ಹತ್ತೇ ನಿಮಿಷದಲ್ಲಿ ಬೋರ್ ಆಗುತ್ತೆ. ನನಗಂತೂ ಆಗಿಲ್ಲ.